ಆಡಲು ಬಾರದವಳ ಕುರ್ಚಿ

ಮುಚ್ಚಿಹೋದ ಚಪ್ಪಲಿ ಕಾರ್ಖಾನೆಯ ಮೇಲಿನ ಮಹಡಿಗೆ ಯಾರೋ ಬಾಡಿಗೆಗೆ ಬಂದಿದ್ದಾರೆ ಎಂದು ವಿನಿ ಪಿಲ್ಲಿಂಗ್ ಮೊದಲು ಕೇಳಿದ್ದು ಕಾಸು ಹಾಕಿ ಯಂತ್ರದಲ್ಲಿ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಗಂಡ ಹೆರಾಲ್ಡ್ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಮನೆಯಲ್ಲಿದ್ದ ಒಗೆಯುವ ಯಂತ್ರ ಚೆನ್ನಾಗಿಯೇ ಇತ್ತು. ಆದರೂ ಪ್ರತಿ ಸೋಮವಾರ ಅವಳು ಬಟ್ಟೆಯ ಚೀಲ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದಳು, ಯಾಕೆಂದರೆ ಅಲ್ಲಿ ಬಾಯಿ ಬಿಟ್ಟು ಮಾತಾಡುವ ಜನ ಇರುತ್ತಿದ್ದರು. ಒಂಟಿ ಹೆಂಗಸಿನ ಮೈಮೇಲೆ ಎಷ್ಟು ಬಟ್ಟೆ ಕೊಳೆಯಾದೀತು? ಒಗೆದು ಮಡಿಸಿಟ್ಟ ಹಾಸಿಗೆ ಬಟ್ಟೆಯನ್ನೇ ಮತ್ತೆ ಚೀಲಕ್ಕೆ ತುಂಬಿಕೊಂಡು ಹೋದದ್ದೂ ಉಂಟು.

ಆ ಸೋಮವಾರ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವಳು ಹೆರಾಲ್ಡನ ತಂಗಿ ಬೆರಿಲ್.

"ಆರ್ನಲ್ಡ್ ಹೆಸ್ಕೆತ್ ಅಲ್ಲೇನೋ ಶುರು ಮಾಡಿದಾನಂತೆ ಕಣೇ," ಅಂದಳು ಬೆರಿಲ್.

"ಹೊಲಿಗೆ ಮೆಷಿನ್ ರಿಪೇರಿ ಮಾಡ್ತಿದ್ನಲ್ಲ, ಅವನಾ?"

"ಅವನೇ. ಈಗ ಆಟ ಮಾಡ್ತಾನಂತೆ. ಕ್ಯಾಸೆಟ್ ಒಳಗೆ."

"ಕ್ಯಾಸೆಟ್ ಒಳಗೆ ಆಟ ಹೆಂಗೆ ಹಿಡಿಸುತ್ತೆ?"

"ನನ್ನ ಕೇಳಿದ್ರೆ? ನಮ್ಮೆಜಮಾನ್ರು ಅವರ ಪ್ಯಾಂಟಿನೊಳಗೆ ಹೆಂಗೆ ಹಿಡಿಸ್ತಾರೆ ಅನ್ನೋದೇ ನಂಗೆ ಗೊತ್ತಿಲ್ಲ. ಕೇಳಿಲ್ಲಿ, ಅಲ್ಲಿ ಹೆಂಗಸರು ಬೇಕಂತೆ. ಬಣ್ಣದ ಕಾಗದ ಮಡಿಸಿ ಡಬ್ಬಿಗೆ ಹಾಕೋ ಕೆಲಸ. ಕೈ ಚುರುಕಾಗಿದ್ರೆ ಸಾಕು, ತಲೆ ಬೇಕಾಗಿಲ್ಲ ಅಂದ್ರು. ತಕ್ಷಣ ನಿನ್ನ ನೆನಪಾಯ್ತು."

ವಿನಿಗೆ ಬೇಜಾರಾಗಲಿಲ್ಲ. ತನ್ನ ತಲೆಯ ಬಗ್ಗೆ ಅವಳಿಗೂ ಹೆಚ್ಚು ಭ್ರಮೆ ಇರಲಿಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು, ಅದೇ ಕಾರ್ಖಾನೆಯಲ್ಲಿ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿಗಳಿಗೆ ಅಂಚು ಹೊಲಿಯುತ್ತಾ ಕೂದಲು ನರೆತಿತ್ತು. ಉತ್ತರ ಇಂಗ್ಲೆಂಡಿನ ಆ ಬೇಕಪ್ ಊರಿನ ಅರ್ಧ ಹೆಂಗಸರ ಕಥೆ ಅದೇ. ಮರುದಿನ ಅವಳು ಒಳ್ಳೆಯ ಕೋಟು ಹಾಕಿಕೊಂಡು ಮೇಲಿನ ಮಹಡಿ ಹತ್ತಿದಳು.

ಆರ್ನಲ್ಡ್ ಹೆಸ್ಕೆತ್ ಅವಳಿಗಿಂತ ಒಂದೆರಡು ವರ್ಷ ದೊಡ್ಡವನು. ಮದುವೆಯಾಗಿರಲಿಲ್ಲ. ತಾಯಿ ಇರುವವರೆಗೂ ತಾಯಿಯ ಜೊತೆ ಇದ್ದ, ಆಮೇಲೆ ತಾಯಿಯ ಕುರ್ಚಿ ಮೇಜುಗಳ ಜೊತೆ. ಬೇರೆಯವರು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಅವನು ಸಣ್ಣ ತಿರುಪುಳಿ ಸಿಕ್ಕಿಸಿಕೊಳ್ಳುತ್ತಿದ್ದ. ಊರಿನ ವಾದ್ಯತಂಡದಲ್ಲಿ ಎಲ್ಲಕ್ಕಿಂತ ದೊಡ್ಡ ಕಹಳೆ ಊದುತ್ತಿದ್ದ. ಅದು ಇಷ್ಟವೆಂದಲ್ಲ, ಅದನ್ನು ಹೊರಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಎಲ್ಲರ ಕೈಗೂ ಒಂದಿಷ್ಟು ಕೆಲಸ ಹೋದದ್ದರ ಪರಿಹಾರ ಹಣ ಬಂತು. ಒಬ್ಬರು ಮನೆಗೆ ಹೊಸ ಜಮಖಾನೆ ಹಾಸಿದರು, ಇನ್ನೊಬ್ಬರು ಸಮುದ್ರತೀರಕ್ಕೆ ಹೋಗಿ ಮಳೆಯಲ್ಲಿ ಕುಳಿತು ಬಂದರು. ಆರ್ನಲ್ಡ್ ಮಾತ್ರ ರಬ್ಬರ್ ಗುಂಡಿಗಳಿದ್ದ, ಪುಸ್ತಕದಷ್ಟೇ ದೊಡ್ಡದಾದ ಒಂದು ಕಂಪ್ಯೂಟರ್ ತಂದ. ಅವನಿಗೆ ತಲೆ ಕೆಟ್ಟಿದೆ ಎಂದು ಊರು ತೀರ್ಮಾನಿಸಿತು. ಅವನು ತಿರುಪುಳಿ ತೆಗೆದು ಮೊದಲು ಅದನ್ನು ಬಿಚ್ಚಿ ನೋಡಿದ, ಮತ್ತೆ ಜೋಡಿಸಿದ, ಆಮೇಲೆ ಅದಕ್ಕೆ ಕೆಲಸ ಹೇಳುವುದನ್ನು ಕಲಿತ.

"ಯಾವ ಬಾಗಿಲಿಂದ ನನ್ನ ಹೊರಗೆ ಹಾಕಿದ್ರೋ ಅದೇ ಬಾಗಿಲಿಂದ ಒಳಗೆ ಬಂದಿದೀನಿ ವಿನೀ," ಅಂದ ಅವಳನ್ನು ನೋಡಿದ ಕೂಡಲೇ. "ಈ ಸಲ ಬೀಗದ ಕೈ ನನ್ನ ಜೇಬಲ್ಲಿದೆ. ನೀನಿನ್ನೂ ಸೂಜಿ ಮುರೀತೀಯಾ?"

"ಇಲ್ಲಿ ಸೂಜಿ ಎಲ್ಲಿದೆ ಮುರಿಯೋಕೆ?" ಅಂದಳು ವಿನಿ.

"ಅದಕ್ಕೇ ಕರೆದಿರೋದು."

ಚಪ್ಪಲಿ ಕತ್ತರಿಸುತ್ತಿದ್ದ ಉದ್ದ ಮೇಜಿನ ಮೇಲೆ ಟೇಪ್ ರೆಕಾರ್ಡರ್‌ಗಳು ಸಾಲಾಗಿ ಕುಳಿತು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಆಟವನ್ನು ಇಳಿಸುತ್ತಿದ್ದವು. ಕಿಟಕಿಯ ಪಕ್ಕ ಒಂದು ಟೀವಿ, ಅದರ ಮುಂದೆ ಕಂಪ್ಯೂಟರ್. ಚಿತ್ರ ಬಿಡಿಸುವವನು ಕೀತ್ ಕ್ಲೆಗ್ ಎಂಬ ಸಣಕಲು ಯುವಕ. ಕಲಾಶಾಲೆಗೆ ಹೋಗಿ ಬಂದಿದ್ದ, ಚೌಕುಳಿ ಕಾಗದದಲ್ಲಿ ಒಂದೊಂದೇ ಮನೆ ತುಂಬುತ್ತಾ ಬೆಕ್ಕು ಬಿಡಿಸುತ್ತಿದ್ದ. ಆಟದ ಹೆಸರು 'ಗಿರಣಿ ಬೆಕ್ಕು'. ಬೆಕ್ಕು ಕೆಳಮಹಡಿಯಿಂದ ಹೊರಟು, ಓಡುವ ಬೆಲ್ಟುಗಳ ಮೇಲೆ ಹಾರುತ್ತಾ, ಇಲಿ ಹಿಡಿಯುತ್ತಾ, ಮೇಸ್ತ್ರಿಯ ಬೂಟಿಗೆ ಸಿಗದೆ, ಮಹಡಿ ಮಹಡಿ ಹತ್ತಿ ಸೂರು ಸೇರಬೇಕು. ಯಂತ್ರದ ನೆನಪು, ಅಂದರೆ ಮೆಮೊರಿ, ಊಟದ ಡಬ್ಬಿಯಷ್ಟೇ ಇದ್ದುದರಿಂದ ಒಂದನ್ನು ತುರುಕಬೇಕಾದರೆ ಇನ್ನೊಂದನ್ನು ತೆಗೆಯಬೇಕಿತ್ತು. ಮೇಸ್ತ್ರಿಯ ಬೂಟಿಗೆ ಜಾಗ ಮಾಡಲು ಬೆಕ್ಕಿನ ಬಾಲ ಕತ್ತರಿಸಿದ್ದರು. ಡಬ್ಬಿಯ ಮೇಲಿನ ಬಣ್ಣದ ಚಿತ್ರದಲ್ಲಿ ಬಾಲ ಇನ್ನೂ ಇತ್ತು. ಕೀತ್ ಆ ಚಿತ್ರವನ್ನು ನೋಡಿದಾಗಲೆಲ್ಲ ಸತ್ತವರ ಫೋಟೊ ನೋಡಿದಂತೆ ನೋಡುತ್ತಿದ್ದ.

ಮೊದಲ ದಿನ ಆರ್ನಲ್ಡ್ ಅವಳಿಗೊಂದು ಕ್ಯಾಸೆಟ್ ಉಡುಗೊರೆ ಕೊಟ್ಟ. ವಿನಿ ಅದನ್ನು ಮನೆಗೆ ತಂದು ಹೆರಾಲ್ಡನ ಟೇಪ್ ರೆಕಾರ್ಡರಿಗೆ ಹಾಕಿದಳು. ಹಂದಿಯ ಕೊರಳು ಕುಯ್ದಂತೆ ಕಿರುಚಾಟ ಹೊರಟಿತು. ಕೊಟ್ಟವನಿಗೆ ಅವಮಾನ ಆಗಬಾರದೆಂದು ಅವಳು ಕೈಕಟ್ಟಿ ಕುಳಿತು ಎರಡೂ ಬದಿ ಪೂರ್ತಿ ಕೇಳಿದಳು. ಮರುದಿನ ಬಹಳ ಮೆತ್ತಗೆ, "ಆರ್ನಲ್ಡ್, ತಪ್ಪು ತಿಳ್ಕೋಬೇಡ, ಎರಡನೇ ಬದಿ ಸ್ವಲ್ಪ ವಾಸಿ," ಅಂದಳು. ಆರ್ನಲ್ಡ್ ಟೊಪ್ಪಿಗೆ ಬೀಳುವಷ್ಟು ನಕ್ಕ. ಆ ಕಿರುಚಾಟ ಕಂಪ್ಯೂಟರ್ ಕೇಳುವುದಕ್ಕೆ, ಮನುಷ್ಯರಿಗಲ್ಲ. ಆ ವಾರವೆಲ್ಲ ಕೀತ್ ಅವಳನ್ನು ಕಂಡಾಗ, "ಮಿಸೆಸ್ ಪಿಲ್ಲಿಂಗ್, ಹೊಸ ಹಾಡು ಬಂದಿದೆ, ಕೇಳ್ತೀರಾ?" ಅನ್ನುತ್ತಿದ್ದ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಈ ಕಥೆಯನ್ನು ಮೊದಲು ಹೇಳಿ ನಗಿಸಿದವಳು ಮಾತ್ರ ವಿನಿಯೇ. ಬೇರೆ ಯಾರಾದರೂ ಹೇಳುವ ಮೊದಲು ತಾನೇ ಹೇಳಿಬಿಡುವುದು ಅವಳ ಹಳೆಯ ಅಭ್ಯಾಸ.

ಬೇಸಿಗೆಯ ಕೊನೆಗೆ ಕ್ಯಾಸೆಟ್‌ಗಳು ಅಂಚೆಯಲ್ಲಿ ವಾಪಸ್ ಬರತೊಡಗಿದವು. ಕೆಟ್ಟಿವೆ ಎಂದು ಜನ ಹೇಳಿದರು. ಆರ್ನಲ್ಡ್ ಒಂದೊಂದನ್ನೂ ಹಾಕಿ ನೋಡಿದ, ಯಾವುದೂ ಕೆಟ್ಟಿರಲಿಲ್ಲ. ಮಕ್ಕಳ ತಾಯಂದಿರು ಫೋನ್ ಮಾಡಿದರು. ಆಟದಲ್ಲಿ ಬೆಕ್ಕಿಗೆ ಒಂಬತ್ತು ಜೀವ ಕೊಟ್ಟಿದ್ದರು. ತೊಂಬತ್ತು ಕೊಟ್ಟಿದ್ದರೂ ಮೊದಲ ಮಹಡಿ ದಾಟುತ್ತಿರಲಿಲ್ಲ ಎಂದು ಒಂದು ಪತ್ರಿಕೆ ಬರೆಯಿತು.

ಆದದ್ದು ಇಷ್ಟೆ. ಆರ್ನಲ್ಡ್, ಕೀತ್ ಇಬ್ಬರೂ ವಸಂತದಿಂದ ದಿನವೂ ಅದೇ ಆಟ ಆಡಿದ್ದರು. ಆಡುತ್ತಾ ಆಡುತ್ತಾ ಅದು ಸಪ್ಪೆ ಅನ್ನಿಸುತ್ತಿತ್ತು. ಸಪ್ಪೆ ಅನ್ನಿಸಿದಾಗಲೆಲ್ಲ ಆರ್ನಲ್ಡ್ ಬೆಲ್ಟನ್ನು ಸ್ವಲ್ಪ ಜೋರು ಮಾಡುತ್ತಿದ್ದ. ಸಾರಿನ ರುಚಿ ನೋಡಿ ನೋಡಿ ನಾಲಗೆ ಮಂಕಾದವಳು ಉಪ್ಪು ಸುರಿಯುತ್ತಲೇ ಹೋದಂತೆ. ಇದನ್ನು ಅವನಿಗೆ ಹೇಳುವುದು ಸುಲಭವಿರಲಿಲ್ಲ.

"ಕಷ್ಟ ಎಲ್ಲಿದೆ ತೋರಿಸು," ಅಂದ ಆರ್ನಲ್ಡ್, ಎಡಗೈಯಲ್ಲಿ ಮಾಂಸದ ಕಡುಬು ತಿನ್ನುತ್ತಾ ಬಲಗೈಯಲ್ಲಿ ಬೆಕ್ಕನ್ನು ಮೂರನೇ ಮಹಡಿಗೆ ಹತ್ತಿಸುತ್ತಾ. "ಒಂದೇ ಕೈ. ನೋಡಿದ್ಯಾ?"

"ಬೆಲ್ಟು ಮಾಡಿದವರೇ ನೀವು," ಅಂದ ಕೀತ್. "ನಿಮ್ಮ ಮನೆ ಮೆಟ್ಟಿಲು ನಿಮಗೆ ಕತ್ತಲಲ್ಲೂ ಕಾಣುತ್ತೆ."

"ಯಾರ್ ಬೇಕಾದ್ರೂ ದಾಟಬಹುದು. ವಿನಿ ಕೂಡ ದಾಟ್ತಾಳೆ. ವಿನೀ, ಆ ಕಾಗದ ಬಿಡು, ಬಾ ಇಲ್ಲಿ."

ವಿನಿ ಬಂದು ಟೀವಿಯ ಮುಂದೆ ಕುಳಿತಳು. ಬೆಕ್ಕು ನಿಂತಲ್ಲೇ ನಿಂತಿತ್ತು.

"ಇದು ಹೋಗಲ್ವಾ?" ಅಂದಳು.

"ನೀನು ಗುಂಡಿ ಒತ್ತಬೇಕು."

"ಒತ್ತಿದೀನಲ್ಲ."

"ಅದಲ್ಲ, ಇದು. ಹಾರೋದಕ್ಕೆ ಇದು. ಒತ್ತಿ ಬಿಡಬೇಕು ವಿನೀ, ಹಂಗೇ ಅದುಮಿಕೊಂಡು ಕೂತ್ರೆ ಹೆಂಗೆ? ಬೇರೆಯವರ ಮನೆ ಗಂಟೆ ಒತ್ತಿ ಬಾಗಿಲಲ್ಲಿ ಹಂಗೇ ನಿಂತ್ಕೋತೀಯಾ?"

ಅಷ್ಟರಲ್ಲಿ ಬೆಕ್ಕು ಬೆಲ್ಟಿನ ಸಂದಿಗೆ ಬಿದ್ದು ಸತ್ತಿತು. ಮತ್ತೆ ಬಿತ್ತು. ಒಂಬತ್ತೂ ಜೀವ ಕಳೆಯಲು ಅವಳಿಗೆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸಾಯುವ ಪ್ರತಿ ಬೆಕ್ಕಿಗೂ ಅವಳು "ಅಯ್ಯೋ ಪಾಪ" ಅಂದಳು. ಆರ್ನಲ್ಡ್ ಕೈಯಲ್ಲಿದ್ದ ಕಡುಬನ್ನು ಮೇಜಿನ ಮೇಲಿಟ್ಟ. ಅವನು ಊಟ ಅರ್ಧಕ್ಕೆ ಬಿಟ್ಟದ್ದನ್ನು ಅವಳು ಮೊದಲು ನೋಡಿದ್ದು ಆವತ್ತೇ.

ಮರುದಿನ ಟೀವಿಯ ಮುಂದೆ ಕೈಯಿರುವ ಒಂದು ಕುರ್ಚಿ ಇತ್ತು, ಅದರ ಮೇಲೊಂದು ದಿಂಬು. ಅವನ ತಾಯಿಯ ಕುರ್ಚಿ ಅದು.

"ಇನ್ಮೇಲೆ ನೀನು ಕಾಗದ ಮಡಿಸಬೇಡ. ಆಡು," ಅಂದ.

"ನಂಗೆ ಬರಲ್ಲ ಆರ್ನಲ್ಡ್."

"ಅದಕ್ಕೇ ಹೇಳಿದ್ದು."

ಬರುವುದಿಲ್ಲ ಎಂಬ ಕಾರಣಕ್ಕೆ ವಿನಿಗೆ ಸಿಕ್ಕ ಕೆಲಸ ಅದೊಂದೇ. ಶಾಲೆಯಲ್ಲಿ ಲೆಕ್ಕ ಬರುವುದಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಲ್ಲಿ ಕೂರಿಸಿದರು, ಜೊತೆಗೆ ಟೀ ಬೇರೆ. ಅವಳು ಸಾಯುತ್ತಿದ್ದಳು, ಆರ್ನಲ್ಡ್ ಪಕ್ಕದಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದ, ಆಮೇಲೆ ಬೆಲ್ಟನ್ನು ಒಂದಿಷ್ಟು ನಿಧಾನ ಮಾಡುತ್ತಿದ್ದ. ಮತ್ತೆ ಸಾಯುತ್ತಿದ್ದಳು, ಅವನು ಇನ್ನೂ ಒಂದಿಷ್ಟು ನಿಧಾನ ಮಾಡುತ್ತಿದ್ದ. ಒಂದು ಮಧ್ಯಾಹ್ನ ಅವಳ ಬೆಕ್ಕು ಮೊದಲ ಮಹಡಿ ದಾಟಿತು. ಕೀತ್ ಎದ್ದು ನಿಂತು ಕೈ ತಟ್ಟಿದ. ಹೆರಾಲ್ಡ್ ಹೋದ ಮೇಲೆ ವಿನಿಗೆ ಯಾರೂ ಯಾವುದಕ್ಕೂ ಕೈ ತಟ್ಟಿರಲಿಲ್ಲ. ಇದ್ದಾಗಲೂ ತಟ್ಟಿದ್ದನೆಂದೇನಲ್ಲ.

ಸೋಮವಾರದ ಬಟ್ಟೆ ಒಗೆಯುವ ಅಂಗಡಿ ತಪ್ಪಿತು. ಮನೆಯಲ್ಲಿ ಕೊಳೆ ಬಟ್ಟೆ ರಾಶಿ ಬಿತ್ತು. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ, ಅಲ್ಲಿ ಕೂರಲು ಒಂದು ಕುರ್ಚಿ, "ವಿನಿ ಬಂದ್ಲಾ?" ಎಂದು ಕೇಳುವ ಒಬ್ಬ ಮನುಷ್ಯ. ಆ ಕುರ್ಚಿಗೆ ತಾನೆಷ್ಟು ಅಂಟಿಕೊಂಡಿದ್ದೇನೆ ಎಂಬುದು ಅವಳಿಗೇ ನಾಚಿಕೆ ತರಿಸುತ್ತಿತ್ತು.

ಕೆಡುಕು ಶುರುವಾದದ್ದು ಊಟದ ಹೊತ್ತಿನಲ್ಲಿ. ಗಂಡಸರಿಬ್ಬರೂ ಮೀನು ಕರಿಯುವ ಅಂಗಡಿಗೆ ಇಳಿದು ಹೋದಾಗ ಮಹಡಿಯಲ್ಲಿ ಅವಳೊಬ್ಬಳೇ. ಬೆಕ್ಕು ಸುಮ್ಮನೆ ನಿಂತು ಅವಳನ್ನು ನೋಡುತ್ತಿತ್ತು. ಅವಳು ಎರಡು ಹೆಜ್ಜೆ ನಡೆಸುತ್ತಿದ್ದಳು, ಒಂದು ಸಲ ಹಾರಿಸುತ್ತಿದ್ದಳು. ಕೈಗೆ ಕೆಲಸ ಹತ್ತಿದರೆ ಬಿಡುವ ಜಾತಿಯಲ್ಲ ಅದು. ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಕುಳಿತ ಕೈ. ಎರಡನೇ ಮಹಡಿ ದಾಟಿತು, ಮೂರನೆಯದೂ ದಾಟಿತು.

ಆರ್ನಲ್ಡ್ ಅವಳ ಕೈಯನ್ನು ನೋಡುತ್ತಿರಲಿಲ್ಲ, ಪರದೆಯನ್ನು ಮಾತ್ರ ನೋಡುತ್ತಿದ್ದ.

"ವಿನಿಯೇ ಮೂರನೇ ಮಹಡಿಗೆ ಹೋಗ್ತಾಳೆ ಅಂದ್ರೆ ಮಕ್ಕಳು ಆಡ್ತಾ ಆಡ್ತಾ ನಿದ್ದೆ ಹೋಗ್ತಾರೆ," ಎಂದು ಬೆಲ್ಟನ್ನು ಜೋರು ಮಾಡಿದ. ಮುಂದಿನ ವಾರ ಅವಳು ನಾಲ್ಕಕ್ಕೆ ಹೋದಳು. ಅವನು ಮತ್ತೆ ಜೋರು ಮಾಡಿದ. ಯಂತ್ರ ಸವೆಯುತ್ತದೆ ಎಂಬುದು ಆರ್ನಲ್ಡನಿಗೆ ಚೆನ್ನಾಗಿ ಗೊತ್ತಿತ್ತು. ಮನುಷ್ಯರು ಕಲಿಯುತ್ತಾರೆ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ. ವಿನಿಗಂತೂ ಬೆಲ್ಟು ಜೋರಾದದ್ದೇ ತಿಳಿಯಲಿಲ್ಲ. ಅವಳ ನಾಲಗೆಯೂ ಮಂಕಾಗಿತ್ತು.

ಅಕ್ಟೋಬರ್ ಬಂತು. ಉತ್ತರದ ಊರುಗಳಲ್ಲೆಲ್ಲ ಅಂಗಡಿಗಳಿದ್ದ ಒಂದು ದೊಡ್ಡ ಕಂಪನಿಯಿಂದ, ಸರಕು ಆರಿಸುವ ಮಿಸ್ಟರ್ ಫೇರ್‌ಕ್ಲಫ್ ಎಂಬುವನು ಬುಧವಾರ ಬಂದು ತಾನೇ ಆಡಿ ನೋಡುವುದಾಗಿ ಹೇಳಿದ.

"ಅವನು ಬೇಕು ಅಂದ್ರೆ ಕ್ರಿಸ್‌ಮಸ್‌ಗೆ ಎಲ್ಲಾ ಕಡೆ ನಮ್ಮ ಬೆಕ್ಕು," ಅಂದ ಆರ್ನಲ್ಡ್. "ಬೇಡ ಅಂದ್ರೆ ಇಲ್ಲಿಗೆ ಬೀಗ. ನಾನು ಕಹಳೆ ಹಿಡ್ಕೊಂಡು ಬೀದೀಲಿ ಊದ್ತೀನಿ."

"ಅದು ಬೇಡ. ಊರಿನವರ ಗತಿ?" ಅಂದಳು ವಿನಿ.

ಅದಕ್ಕೆ ಮುಂಚಿನ ಶನಿವಾರ ಬೆರಿಲ್ ಶುಂಠಿ ಕೇಕು ಕಟ್ಟಿಕೊಂಡು, ಅತ್ತಿಗೆ ಏನು ಮಾಡುತ್ತಾಳೆ ನೋಡೋಣವೆಂದು ಮಹಡಿ ಹತ್ತಿ ಬಂದಳು. ಗಂಡಸರು ಇರಲಿಲ್ಲ. "ನಿಂಗೇ ಬರುತ್ತೆ ಅಂದ್ರೆ ನನಗೇನು," ಎಂದು ಕುರ್ಚಿಯಲ್ಲಿ ಕುಳಿತಳು. ಕುಂಡೆ ಸರಿಮಾಡಿಕೊಳ್ಳುವಷ್ಟರಲ್ಲಿ ಬೆಕ್ಕು ಸತ್ತಿತ್ತು. ಮತ್ತೆ ಆಡಿದಳು. ಒಂದು ಇಲಿಯನ್ನೂ ಮುಟ್ಟಲಾಗಲಿಲ್ಲ. ಅವಳ ಮುಖ ಕೆಂಪಾಯಿತು.

"ಇದು ಮನುಷ್ಯರು ಆಡೋದಲ್ಲ. ನೀನು ಆಡು ನೋಡೋಣ."

ವಿನಿ ಆಡಿದಳು. ಬೆರಳುಗಳು ತಾವಾಗಿ ಓಡಿದವು. ಬೆಕ್ಕು ಮಹಡಿ ಮಹಡಿ ಹತ್ತಿ, ಮೇಸ್ತ್ರಿಯ ಬೂಟಿನಡಿ ನುಸುಳಿ, ಸೂರಿನ ಮೇಲೆ ಹೋಗಿ ಕುಳಿತಿತು. ಬೆರಿಲ್ ಕೇಕಿನ ತುಂಡನ್ನು ಬಾಯಿಗೂ ಇಡದೆ ಕೈಯಲ್ಲೇ ಹಿಡಿದಿದ್ದಳು.

"ಅಯ್ಯೋ ವಿನೀ," ಅಂದಳು, "ನೀನು ಬುದ್ಧಿವಂತೆ ಆಗ್ಬಿಟ್ಟಿದೀಯಲ್ಲೇ. ಈಗೇನ್ ಮಾಡ್ತೀಯ?"

ವಿನಿಗೆ ಈಗ ಅರ್ಥವಾಯಿತು. ಮೊದಲಿನ ಬೆಲ್ಟೇ ವಾಪಸ್ ಬಂದಿದೆ, ಬಹುಶಃ ಅದಕ್ಕಿಂತಲೂ ಜೋರಾಗಿದೆ. ಅದಕ್ಕೆ ಕಾರಣ ತನ್ನ ಎರಡು ಬೆರಳು. ಫೇರ್‌ಕ್ಲಫ್ ಕೂಡ ಬೆರಿಲ್‌ಳಂತೆಯೇ ಕೆಂಪಾಗಿ ಎದ್ದು ಹೋಗುತ್ತಾನೆ. ಹೇಳಿದರೆ ಕುರ್ಚಿ ಹೋಗುತ್ತದೆ, ಯಾಕೆಂದರೆ ಬುದ್ಧಿವಂತರು ಅಲ್ಲಿ ಆಗಲೇ ಇಬ್ಬರಿದ್ದರು. ಹೇಳದಿದ್ದರೆ ಕುರ್ಚಿ ಇರುವ ಮಹಡಿಯೇ ಹೋಗುತ್ತದೆ. ಭಾನುವಾರವಿಡೀ ಅವಳು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಕೊನೆಗೆ, ತಾನು ಮೊದಲಿನಂತೆ ದಡ್ಡಿಯಾಗಿ ಆಡಿಬಿಟ್ಟರೆ ಆರ್ನಲ್ಡ್ ತಾನಾಗಿಯೇ ಬೆಲ್ಟು ನಿಧಾನ ಮಾಡುತ್ತಾನಲ್ಲ ಎಂದು ಹೊಳೆಯಿತು. ತನ್ನ ಉಪಾಯವನ್ನು ತಾನೇ ಮೆಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಅವಳು ಕುಳಿತು ಬೇಕೆಂದೇ ಬೆಕ್ಕನ್ನು ಸಂದಿಗೆ ಬೀಳಿಸಿದಳು. ಆದರೆ ನಿಜವಾದ ದಡ್ಡರು ಎಲ್ಲಿ ಬೀಳುತ್ತಾರೆ ಎಂಬುದು ಅವಳಿಗೆ ಮರೆತುಹೋಗಿತ್ತು. ಅವಳ ಬೆಕ್ಕು ಅಂದವಾಗಿ ಹಾರಿ, ಇಲಿ ಹಿಡಿದು, ತಿರುಗಿ ಬಂದು ಸರಿಯಾಗಿ ಸಂದಿಯ ನಡುವೆ ಬೀಳುತ್ತಿತ್ತು.

"ಏನಾಯ್ತು ನಿಂಗೆ? ನೆಗಡಿನಾ?" ಅಂದ ಆರ್ನಲ್ಡ್. "ಇವತ್ತು ನಿನ್ನ ಲೆಕ್ಕ ಹಿಡಿಯಲ್ಲ ಬಿಡು. ಹೋಗಿ ಬೆಚ್ಚಗೆ ಟೀ ಕುಡಿ."

ಸುಳ್ಳು ದಡ್ಡತನಕ್ಕೂ ತಲೆ ಬೇಕಿತ್ತು, ಅಷ್ಟು ತಲೆ ಅವಳಲ್ಲಿರಲಿಲ್ಲ. ವಿನಿ ಟೀ ಕುಡಿಯಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಆರ್ನಲ್ಡ್, ನಂಗೆ ಆಡೋಕೆ ಬರುತ್ತೆ."

"ಗೊತ್ತು, ನಾಲ್ಕನೇ ಮಹಡಿ."

"ಅದಲ್ಲ. ಸೂರಿನವರೆಗೂ ಬರುತ್ತೆ. ನೀನು ಊಟಕ್ಕೆ ಹೋದಾಗಲೆಲ್ಲ ಆಡಿದೀನಿ. ಶನಿವಾರ ಬೆರಿಲ್ ಕೂತಿದ್ಲು. ಒಂದು ಇಲಿನೂ ಹಿಡೀಲಿಲ್ಲ."

"ಬೆರಿಲ್‌ಗೆ ಬಾಗಿಲ ಚಿಲಕ ತೆಗೆಯೋಕೂ ಬರಲ್ಲ."

"ನಂಗೂ ಬರ್ತಿರಲಿಲ್ಲ. ಅದಕ್ಕೇ ಅಲ್ವಾ ನನ್ನ ಕೂರಿಸಿದ್ದು?"

ಆರ್ನಲ್ಡ್ ನಂಬಲಿಲ್ಲ. ವಿನಿ ಪಿಲ್ಲಿಂಗ್‌ಗೆ ಏನಾದರೂ ಬರುತ್ತದೆ ಎಂಬುದನ್ನು ನಂಬುವುದು ಅವಳಿಗೇ ಕಷ್ಟವಿತ್ತು, ಅವನದೇನು ತಪ್ಪು. ಅವಳು ತಿರುಗಿ ಗುಂಡಿಗಳ ಮೇಲೆ ಕೈಯಿಟ್ಟಳು. ಆ ಸಲ ಅವನು ಕೈಯನ್ನೇ ನೋಡಿದ. ಬೆಕ್ಕು ಸೂರು ತಲುಪಿದಾಗ ಕೀತ್ ಕೈ ತಟ್ಟಲಿಲ್ಲ.

"ನೀನು ಕೆಟ್ಟುಹೋದೆ ವಿನೀ," ಅಂದ ಆರ್ನಲ್ಡ್, ಯಂತ್ರದಿಂದ ಸವೆದ ಭಾಗವನ್ನು ಬಿಚ್ಚಿ ತೆಗೆದವನಂತೆ. "ನಾಡಿದ್ದು ಬುಧವಾರ. ಈಗ ಏನೂ ಗೊತ್ತಿಲ್ಲದವರನ್ನ ಎಲ್ಲಿಂದ ತರಲಿ?"

"ಸೋಮವಾರ ಅಲ್ವಾ," ಅಂದಳು ವಿನಿ. "ಬಟ್ಟೆ ಒಗೆಯೋ ಅಂಗಡಿ ತುಂಬಾ ಇರ್ತಾರೆ."

ಅವಳು ಕೋಟು ಹಾಕಿಕೊಂಡು ಓಡಿದಳು. ಯಂತ್ರದಲ್ಲಿ ಬಟ್ಟೆ ತಿರುಗುತ್ತಿರುವಾಗ ಹೆಂಗಸರಿಗೆ ಬೇರೇನೂ ಕೆಲಸವಿರುವುದಿಲ್ಲ. ಟೀ ಕೊಡುತ್ತಾರೆ, ಕೇಕಿದೆ, ತಲೆ ಬೇಕಾಗಿಲ್ಲ ಎಂದು ಹೇಳಿ ಒಬ್ಬೊಬ್ಬರನ್ನೇ ಮಹಡಿಗೆ ಹತ್ತಿಸಿದಳು. ಒಬ್ಬಳು ಕೂರುವಳು, ಸಾಯುವಳು. ಆರ್ನಲ್ಡ್ ಬೆಲ್ಟು ಇಳಿಸುವನು. ಇನ್ನೊಬ್ಬಳು ಕೂರುವಳು. ಅವರು ಕೂರುತ್ತಿದ್ದದ್ದು ವಿನಿಯ ಕುರ್ಚಿಯಲ್ಲಿ, ವಿನಿಯ ದಿಂಬಿನ ಮೇಲೆ. ವಿನಿ ಹಿಂದೆ ನಿಂತು ಟೀ ಸೋಸುತ್ತಿದ್ದಳು. ತನ್ನ ಜಾಗಕ್ಕೆ ತಾನೇ ಜನ ಹಿಡಿದು ತಂದವಳು ಊರಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು.

ಮಂಗಳವಾರ ಬೆರಿಲ್ ಮತ್ತೆ ಬಂದಳು, ಈ ಸಲ ಕರೆಯದೇ ಬಂದಳು. ಅವಳು ಕುಳಿತು ಮೊದಲ ಮಹಡಿ ದಾಟಿದಾಗ ಆರ್ನಲ್ಡನ ಮುಖ ಅರಳಿತು. ವಿನಿ ಅವನ ತೋಳು ಜಗ್ಗಿದಳು.

"ಇವಳ ಲೆಕ್ಕ ಹಿಡೀಬೇಡ. ಬೆರಳು ನೋಡು. ಗುಂಡಿ ಹುಡುಕ್ತಾ ಇಲ್ಲ. ಎಲ್ಲೋ ಅಭ್ಯಾಸ ಮಾಡಿದಾಳೆ."

"ಇಲ್ಲಪ್ಪ," ಅಂದಳು ಬೆರಿಲ್. ಆಮೇಲೆ, "ಪಕ್ಕದ ಮನೆ ಹುಡುಗನ ಹತ್ರ ಹಳೇ ಕ್ಯಾಸೆಟ್ ಇತ್ತು. ಎರಡು ಸಲ. ನಾಲ್ಕು ಅಂತಿಟ್ಕೋ," ಅಂದಳು.

ಬುಧವಾರ ಮಿಸ್ಟರ್ ಫೇರ್‌ಕ್ಲಫ್ ಬಂದ. ಕೋಟನ್ನೂ ಬಿಚ್ಚದೆ, ರೈಲಿಗೆ ಹೊತ್ತಾಗಿದೆ ಎನ್ನುತ್ತಾ ಕುರ್ಚಿಯ ತುದಿಯಲ್ಲಿ ಕುಳಿತ. ಬೆಕ್ಕು ಸತ್ತಿತು. ಮತ್ತೊಂದು ಸತ್ತಿತು. ಮೂರನೆಯದು ಮೊದಲ ಮಹಡಿ ದಾಟಿ, ಎರಡನೆಯದರ ಕೊನೆಯಲ್ಲಿ ಬೂಟಿಗೆ ಸಿಕ್ಕಿತು.

"ಥೂ, ದಾಟಿಬಿಟ್ಟಿದ್ದೆ," ಅಂದ ಫೇರ್‌ಕ್ಲಫ್, ಮತ್ತು ಕೋಟಿನ ಗುಂಡಿ ಬಿಚ್ಚಿದ.

ಅವನ ರೈಲು ತಪ್ಪಿತು. ಅದರ ನಂತರದ ರೈಲೂ ತಪ್ಪಿತು. ಎದ್ದು ನಿಂತು ಬೆರಳು ನೀವಿಕೊಳ್ಳುತ್ತಾ ಒಂದೇ ಒಂದು ತಕರಾರು ತೆಗೆದ: "ಡಬ್ಬಿಯ ಮೇಲೆ ಇದೆ, ಒಳಗಿನ ಬೆಕ್ಕಿಗೆ ಬಾಲ ಎಲ್ಲಿ?"

ಕೀತ್ ಗೋಡೆ ನೋಡಿದ.

"ಮೇಸ್ತ್ರಿ ಬೂಟಿಗೆ ಹೋಯ್ತು ಸಾರ್," ಅಂದ ಆರ್ನಲ್ಡ್. ಅದು ನಿಜವೇ ಆಗಿತ್ತು.

ಅಂಗಡಿಗಳಿಗೆ ಕ್ಯಾಸೆಟ್ ಬೇಕೆಂದು ಹೇಳಿ ಅವನು ಮೆಟ್ಟಿಲಿಳಿದು ಹೋದ ಮೇಲೆ ಗಂಡಸರಿಬ್ಬರೂ ಮೇಜು ಬಡಿದು ಕುಣಿದರು. ವಿನಿ ಲೋಟಗಳನ್ನು ತೊಳೆದಿಟ್ಟು, ಕೋಟು ಹಾಕಿಕೊಂಡು, ಕೈಚೀಲ ಎತ್ತಿಕೊಂಡಳು.

"ಎಲ್ಲಿಗೆ ಹೊರಟೆ?" ಅಂದ ಆರ್ನಲ್ಡ್.

"ಮನೆಗೆ. ನಾನು ಕೆಟ್ಟುಹೋದೆನಲ್ಲ."

"ಬೆರಿಲ್ ಕೆಟ್ಟಿದ್ದು ನಿಂಗೆ ಗೊತ್ತಾಯ್ತು, ನಂಗೆ ಗೊತ್ತಾಗಲಿಲ್ಲ," ಅಂದ ಅವನು. "ನಾಳೆ ಬರೋವಾಗ ಯಾರನ್ನಾದ್ರೂ ಹೊಸಬರನ್ನ ಕರ್ಕೊಂಡು ಬಾ. ಕುರ್ಚಿ ಅವರಿಗೆ. ನಿಂಗೆ ಪಕ್ಕದಲ್ಲಿ ಸ್ಟೂಲ್ ಹಾಕ್ತೀನಿ."

ಸ್ಟೂಲಿಗೆ ದಿಂಬು ಇರಲಿಲ್ಲ. ಆದರೂ ವಿನಿ ಅದರ ಮೇಲೆ ಐದು ವರ್ಷ ಕುಳಿತಳು. ಹಾಲಿನ ಗಾಡಿಯ ಕುದುರೆಯ ಆಟ ಬಂತು, ಅಂಚೆಯವನನ್ನು ನಾಯಿಗಳು ಅಟ್ಟುವ ಆಟ ಬಂತು. ಪ್ರತಿಯೊಂದಕ್ಕೂ ಅವಳು ಊರು ಸುತ್ತಿ ಏನೂ ಬಾರದವರನ್ನು ಹುಡುಕಿ ತಂದಳು, ಆರ್ನಲ್ಡನ ಪಕ್ಕ ಕುಳಿತು ಅವರ ಬೆರಳು ನೋಡಿದಳು, ಅವನಿಗೂ ನೋಡಲು ಕಲಿಸಿದಳು. ಒಬ್ಬರನ್ನು ಹೆಚ್ಚೆಂದರೆ ಎರಡು ದಿನ ಬಳಸಬಹುದಿತ್ತು, ಆಮೇಲೆ ಅವರೂ ಕೆಡುತ್ತಿದ್ದರು. ಕೊನೆಕೊನೆಗೆ ಬೇಕಪ್ ಊರಿನಲ್ಲಿ ಕೆಡದ ಹೆಂಗಸೇ ಉಳಿಯಲಿಲ್ಲ. ವಿನಿ ಬಸ್ಸು ಹತ್ತಿ ಪಕ್ಕದ ಕಣಿವೆಯಿಂದ ದಡ್ಡರನ್ನು ತರಬೇಕಾಯಿತು. "ನಮ್ಮೂರಲ್ಲಿ ಮುಗಿದರು, ಹೊರಗಿನಿಂದ ತರಿಸ್ತಾ ಇದೀವಿ," ಎಂದು ಆರ್ನಲ್ಡ್ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅವಳಿಗೆ ಅದು ಅವನು ಆಡಿದ ದೊಡ್ಡ ಹೊಗಳಿಕೆಯಂತೆ ಕೇಳುತ್ತಿತ್ತು.

ಆಮೇಲೆ ಯಂತ್ರಗಳು ದೊಡ್ಡವಾದವು, ನೆನಪು ಉಗ್ರಾಣದಷ್ಟಾಯಿತು, ಒಂದು ಆಟಕ್ಕೆ ಒಂದು ಊರಿನಷ್ಟು ಜನ ಬೇಕಾದರು. ಕೀತ್ ಲೀಡ್ಸ್‌ಗೆ ಹೋದ; ಅಲ್ಲಿ ಅವನು ಬಿಡಿಸಿದ ಪ್ರಾಣಿಗಳಿಗೆಲ್ಲ ಉದ್ದುದ್ದ ಬಾಲವಿದೆ ಎಂದು ಕೇಳಿದರು. ಆರ್ನಲ್ಡ್ ಬೀಗದ ಕೈ ವಾಪಸ್ ಕೊಟ್ಟು ಟೀವಿ ರಿಪೇರಿಗೆ ಕುಳಿತ. ಊದುವಷ್ಟು ಉಸಿರು ಇರುವವರೆಗೆ ಕಹಳೆ ಊದಿದ. ಅವನೂ ವಿನಿಯೂ ಗುರುವಾರದ ಸಂತೆಯಲ್ಲಿ ಸಿಗುತ್ತಿದ್ದರು, ಟೀ ಕುಡಿಯುತ್ತಿದ್ದರು, ಒಬ್ಬರ ಮಂಡಿನೋವನ್ನು ಇನ್ನೊಬ್ಬರು ಕೇಳುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಬೆರಿಲ್ ಒಮ್ಮೆ ಕೇಳಿದ್ದಳು. ಇಬ್ಬರಿಗೂ ಅದು ಹೊಳೆದಿರಲಿಲ್ಲ ಎಂದು ವಿನಿ ಹೇಳಿದಳು. ಅವಳ ಮಟ್ಟಿಗೆ ಅದು ಪೂರ್ತಿ ನಿಜವಲ್ಲ.

ಎಪ್ಪತ್ತು ದಾಟಿದ ಮೇಲೆ ಆರ್ನಲ್ಡನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು, ಆ ಕಡೆ ತಲೆ ತಿರುಗಿಸುವುದೂ ಕಷ್ಟವಾಯಿತು. ಅವನನ್ನು ಗುಡ್ಡದ ಮೇಲಿನ ವೃದ್ಧರ ಮನೆಗೆ ಸೇರಿಸಿದರು. ಗುರುವಾರಗಳಲ್ಲಿ ವಿನಿ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದಳು. ಅವನು ರಬ್ಬರ್ ಗುಂಡಿಯ ಹಳೆಯ ಯಂತ್ರವನ್ನು ಮನೆಯಿಂದ ತರಿಸಿ ಮಂಚದ ಪಕ್ಕ ಇಟ್ಟುಕೊಂಡಿದ್ದ. ಎಡಗೈಯ ಒಂದೇ ಬೆರಳಿನಲ್ಲಿ ಏನನ್ನೋ ಕುಟ್ಟುತ್ತಿದ್ದ. ಏನೆಂದು ಕೇಳಿದರೆ ಹೇಳುತ್ತಿರಲಿಲ್ಲ. ಚಳಿಗಾಲ ಕಳೆದು ಗುಡ್ಡದಲ್ಲಿ ಕುರಿಮರಿಗಳು ಕಾಣಿಸಿಕೊಂಡ ಒಂದು ಗುರುವಾರ ಅವನ ಮಾತು ಮೊದಲಿಗಿಂತ ತೊದಲುತ್ತಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಟೀವಿಯಲ್ಲಿ ಒಂದು ಬಾತುಕೋಳಿ ಕಾಲುವೆಯ ದಡದಲ್ಲಿ ನಿಂತಿತ್ತು.

"ಇದು ಆ ಕಡೆ ದಾಟಬೇಕು," ಅಂದ. "ದೋಣಿಗೆ ಸಿಗಬಾರದು. ದೋಣಿ ಜೋರಾಯ್ತಾ ನಿಧಾನ ಆಯ್ತಾ, ನಂಗೆ ಗೊತ್ತಾಗ್ತಿಲ್ಲ."

"ನರ್ಸ್‌ಗಳನ್ನ ಕೂರಿಸಿ ನೋಡಬೇಕಿತ್ತು," ಅಂದಳು ವಿನಿ.

"ಕೂರಿಸಿದೆ. ಎಲ್ಲಾ ಕೆಟ್ಟವರು. ಫೋನಲ್ಲಿ ಹಗಲೂ ಇರುಳೂ ಆಡ್ತಾರೆ." ಅವನು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ನಿಂಗೆ ಈಗಲೂ ಬರುತ್ತಾ ವಿನೀ?"

ವಿನಿ ತನ್ನ ಕೈಗಳನ್ನು ನೋಡಿಕೊಂಡಳು. ಗೆಣ್ಣುಗಳು ಊದಿಕೊಂಡು ಶುಂಠಿ ಬೇರಿನಂತಾಗಿದ್ದವು. ಗುಂಡಿಗಳ ಮೇಲಿನ ಅಕ್ಷರ ಕನ್ನಡಕ ಹಾಕಿದರೂ ಕಾಣಿಸುತ್ತಿರಲಿಲ್ಲ. ಬರುತ್ತೆ ಅನ್ನಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಬಂದದ್ದನ್ನು ಮುಚ್ಚಿಡಲು ಒದ್ದಾಡಿದವಳಿಗೆ ಬಾರದ್ದನ್ನು ಒಪ್ಪಿಕೊಳ್ಳುವುದು ಇಷ್ಟು ಕಷ್ಟವಾದೀತೆಂದು ಅವಳು ಎಣಿಸಿರಲಿಲ್ಲ.

"ಇಲ್ಲ ಕಣೋ. ಹಾರೋದು ಯಾವ ಗುಂಡಿ ಅನ್ನೋದೇ ಮರೆತಿದೀನಿ," ಅಂದಳು.

ಅವನ ಮುಖದ ನೆಟ್ಟಗಿದ್ದ ಅರ್ಧ ನಿಧಾನವಾಗಿ ನಕ್ಕಿತು. ಎಡಗೈ ಎತ್ತಿ ಮಂಚದ ಎಡಬದಿಯಲ್ಲಿ, ಯಂತ್ರದ ಮುಂದಿದ್ದ ಕುರ್ಚಿಯನ್ನು ತೋರಿಸಿದ.

"ಹಂಗಾದ್ರೆ ಈ ಕಡೆ ಕೂತ್ಕೋ," ಅಂದ. "ಆ ಕಡೆ ಕೂತ್ರೆ ನಿನ್ನ ಕೈ ನಂಗೆ ಕಾಣಲ್ಲ."